ಪಾನ್ ಸುಕ್ರಿಯ ಮಾರು, ಮೊಳ, ಗೇಣು

ಪಾನ್ ಸುಕ್ರಿ ಒಂದು ಕಡೆ ಹತ್ತು ನಿಮಿಷ ತೆಪ್ಪಗಿದ್ದುದನ್ನು ಬಾಲಿ ದ್ವೀಪದ ನಮ್ಮ ಊರು ತಿಯಿಂಗ್‌ಸಾರಿಯಲ್ಲಿ ಯಾರೂ ನೋಡಿರಲಿಲ್ಲ. ಕಾಫಿ ಕುಡಿಯುವಾಗಲೂ ಲೋಟ ಹಿಡಿದುಕೊಂಡು ಅಂಗಳವೆಲ್ಲ ಸುತ್ತುವ ಆಸಾಮಿ. ಗುಡಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೂತಾಗ ಇವನೊಬ್ಬ ಕಣ್ಣು ಬಿಟ್ಟುಕೊಂಡು ಯಾರ ಚಪ್ಪಲಿ ಎಲ್ಲಿದೆ ಎಂದು ನೋಡುತ್ತಿದ್ದ. ಅಂಥವನು ಜೀವಮಾನದಲ್ಲಿ ಒಂದೇ ಒಂದು ಸಲ, ಒಬ್ಬ ಮುದುಕನ ಮುಂದೆ ಕಾಲು ಗಂಟೆ ಅಲ್ಲಾಡದೆ ನಿಂತ. ಅದರ ಫಲವಾಗಿ ಇಡೀ ಊರು ಐದು ತಿಂಗಳು ನಿಂತಲ್ಲಿ ನಿಲ್ಲದ ಹಾಗಾಯಿತು. ಕೇರಿಸಭೆಯ ಕಾರ್ಯದರ್ಶಿಯಾದ ನಾನು ಇದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಯಲು ಹೋಗಿ ಎರಡು ಪೆನ್ನು ಮುಗಿಸಿದೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನಿಗೆ ಸ್ವಂತ ಹೆಸರೊಂದು ಇದ್ದೇ ಇತ್ತು. ಮಗಳು ಸುಕ್ರಿ ಹುಟ್ಟಿದ ದಿನದಿಂದ ಅವನು ಪಾನ್ ಸುಕ್ರಿ, ಅಂದರೆ ಸುಕ್ರಿಯ ಅಪ್ಪ. ಹೆಂಡತಿ ಮೆನ್ ಸುಕ್ರಿ, ಸುಕ್ರಿಯ ಅಮ್ಮ. ಸುಕ್ರಿ ಮದುವೆಯಾಗಿ ಬೇರೆ ಊರಿಗೆ ಹೋದಳು, ಹೆಸರು ಇವರ ಬಳಿಯೇ ಉಳಿಯಿತು. ಆಳು ಗಿಡ್ಡ. ಎಷ್ಟು ಗಿಡ್ಡ ಎಂದರೆ, ಉತ್ಸವದಲ್ಲಿ ಇವನ ಕೈಗೆ ಛತ್ರಿ ಕೊಟ್ಟರೆ ಅದರ ಅಂಚು ದೇವರ ಕಣ್ಣಿಗೇ ಚುಚ್ಚುತ್ತದೆ ಎಂದು ಗುಡಿಯ ಪೂಜಾರಿ ಮಂಗ್ಕು ಅವನಿಗೆ ಆ ಸೇವೆಯನ್ನೇ ಬಿಡಿಸಿದ್ದರು.

ನದಿಯ ಮೇಲಿನ ದಿಬ್ಬವನ್ನು ಸಮುದ್ರದಾಚೆಯ ಸುರಬಾಯ ಪಟ್ಟಣದ ಬು ಪ್ರಸ್ತಿವಿ ಎಂಬ ಹೆಂಗಸು ನಮ್ಮ ಕೇರಿಸಭೆಯಿಂದ ಗುತ್ತಿಗೆಗೆ ಹಿಡಿದರು. ಕಾಡು ನೋಡಲು ಬರುವವರಿಗೆ ತಂಗುಮನೆ ಕಟ್ಟುವುದು, ಸಿಮೆಂಟು ಸೋಕಿಸದೆ ಬರೀ ಬಿದಿರಿನಲ್ಲೇ ಕಟ್ಟುವುದು ಎಂದು ಅವರ ಹಟ. ಪ್ರಾಯದಲ್ಲಿ ವಾಲಿಬಾಲ್ ಆಡಿದವರು. ಅವರೊಡನೆ ಮಾತಾಡಿ ಬಂದ ನಮ್ಮೂರಿನವರೆಲ್ಲ ತಲೆಯೆತ್ತಿ ನೋವಾದ ಕುತ್ತಿಗೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ರಾಶಿ ಹಾಕಿದ ಬಿದಿರನ್ನು ಕಾಯಲು ಪಾನ್ ಸುಕ್ರಿಯನ್ನು ನೇಮಿಸಿದರು. ಬಿದಿರು ಕಾಯುವುದೆಂದರೆ ಅದರ ಸುತ್ತ ಓಡಾಡುವುದು. ಓಡಾಡಿದ್ದಕ್ಕೆ ತಿಂಗಳ ಸಂಬಳ ಕೊಡುವವರೂ ಇದ್ದಾರೆ ಎಂದು ಅವನಿಗೆ ಮೊದಲ ವಾರ ನಂಬಿಕೆಯೇ ಬರಲಿಲ್ಲ.

ಕಟ್ಟುವುದಕ್ಕೆ ಬೆಟ್ಟದಾಚೆಯಿಂದ ಮುದ್ರ ಅಜ್ಜನನ್ನು ಕರೆಸಿದರು. ಅಜ್ಜ ಉಂದಗಿ, ಅಂದರೆ ಮನೆಯ ಅಳತೆಯೂ ಅದರ ಮಂತ್ರವೂ ಬಲ್ಲವರು. ಎಂಬತ್ತೊಂದು ವರ್ಷ. ಕಣ್ಣು ಮಂಜಾಗಿತ್ತು, ಕೆಲಸವೆಲ್ಲ ಬೆರಳಿನಲ್ಲೇ. "ಇದು ನನ್ನ ಕೊನೇ ಮನೆ" ಎಂದು ಹೇಳಿಯೇ ಒಪ್ಪಿಕೊಂಡಿದ್ದರು. ಉಂದಗಿ ಮನೆಯ ಅಳತೆಯನ್ನು ಕಾಗದದಿಂದ ತೆಗೆಯುವುದಿಲ್ಲ, ಒಡೆಯನ ಮೈಯಿಂದ ತೆಗೆಯುತ್ತಾರೆ. ತೋಳು ಚಾಚಿದ ಮಾರು, ಮೊಳ, ಗೇಣು, ಪಾದ, ಎಲ್ಲವನ್ನೂ ಒಂದು ಬಿದಿರು ಕೋಲಿನ ಮೇಲೆ ಗೀರಿಕೊಂಡು, ಆ ಕೋಲಿನಿಂದಲೇ ಇಡೀ ಮನೆ ಎಬ್ಬಿಸುವುದು ಕ್ರಮ. ಹಾಗಾಗಿ ಅಳತೆಯ ದಿನ ಒಡೆಯರು ಅಲ್ಲಿರಲೇಬೇಕು.

ಆ ದಿನ ಬು ಪ್ರಸ್ತಿವಿ ಹತ್ತಬೇಕಿದ್ದ ದೋಣಿ ತಪ್ಪಿತು. ಪಾನ್ ಸುಕ್ರಿಗೆ ಫೋನ್ ಮಾಡಿ, "ಅಜ್ಜ ಬಂದ್ರೆ ನಾನು ನಾಳೆ ಬರ್ತೀನಿ ಅಂತ ಹೇಳಿ, ಮರೀಬೇಡಿ" ಎಂದರು. ಪಾನ್ ಸುಕ್ರಿ ಮರೆಯಬಾರದೆಂದು ಬೆಳಗಿನಿಂದ ಅದನ್ನೇ ಬಾಯಲ್ಲಿ ಗುನುಗುತ್ತ ಹೊಸ ತಲೆವಸ್ತ್ರ ಕಟ್ಟಿಕೊಂಡು ದಿಬ್ಬದ ನಡುವೆ ಅತ್ತಿಂದಿತ್ತ ಓಡಾಡುತ್ತಿದ್ದ. ಅಜ್ಜ ಕೋಲೂರಿಕೊಂಡು ಬಂದರು. ನಡು ಜಾಗದಲ್ಲಿ ಮಸುಕಾಗಿ ಒಂದು ಆಕಾರ ಕಂಡಿತು. ಕೈ ಮುಗಿದು ಬಾಗಿದರು.

"ಈ ನೆಲದ ಒಡೆಯರು ತಾವೇ ಇರಬೇಕು. ತಮ್ಮ ದರ್ಶನವಾಗಿದ್ದು ನನ್ನ ಭಾಗ್ಯ."

ನಮ್ಮ ಬಾಲಿ ಭಾಷೆಗೆ ಮಹಡಿಗಳಿವೆ. ಮೇಲಿನ ಮಹಡಿಯ ಮಾತು ದೇವರಿಗೆ, ಪುರೋಹಿತರಿಗೆ, ದೊಡ್ಡವರಿಗೆ. ಪಾನ್ ಸುಕ್ರಿ ನಲವತ್ತಾರು ವರ್ಷ ನೆಲಮಹಡಿಯಲ್ಲೇ ಬದುಕಿದವನು. ಅವನಿಗೆ ಊರಿನವರು ಆಡುತ್ತಿದ್ದುದು ಲೋ, ಬಾರೋ, ದೂರ ಹೋಗೋ, ಇಷ್ಟೇ. ಅಜ್ಜನ ಮಾತು ಕಿವಿಗೆ ಬಿದ್ದಾಗ ಹಿಂದೆ ಯಾರಾದರೂ ಪುರೋಹಿತರು ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ, ಬಿದಿರಿನ ರಾಶಿ ಮಾತ್ರ ಇತ್ತು. ಬಾಯಲ್ಲಿ ಸಿದ್ಧವಾಗಿದ್ದ "ಒಡೆಯರು ನಾಳೆ ಬರ್ತಾರೆ" ಎಂಬ ಮಾತಿನ ಬದಲು "ಹೂಂ" ಎಂಬ ಒಂದು ಸದ್ದು ಹೊರಬಿತ್ತು.

(ಆಮೇಲೆ ನನ್ನೆದುರು ವಾದ ಮಾಡಿದ: "ನಾನು ಹೂಂ ಅಂದೆ ಅಷ್ಟೇ ಕಾರ್ಯದರ್ಶಿಗಳೇ, ಹೌದು ಅನ್ನಲಿಲ್ಲ!")

"ತಾವು ದಯಮಾಡಿ ತೋಳು ಚಾಚಬೇಕು," ಎಂದರು ಅಜ್ಜ. ಚಾಚಿದ. "ತಾವು ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಬೇಕು." ಎತ್ತಿದ. "ತಮ್ಮ ಪಾದ ಮುಂದಿಡಬೇಕು." ಇಟ್ಟ. ಒಂದೊಂದು 'ತಾವು'ವಿಗೂ ಅವನ ಎದೆ ಒಂದೊಂದು ಅಂಗುಲ ಉಬ್ಬಿತು. ಎತ್ತರ ಮಾತ್ರ ಇದ್ದಷ್ಟೇ ಇತ್ತು. ಅಜ್ಜ ಕೋಲಿನ ಮೇಲೆ ಗೀರುಗಳನ್ನು ಹಾಕಿ, ಮನೆಗೆ ಜೀವ ಬರಲೆಂದು ಪ್ರತಿ ಗೀರಿಗೂ ಕಿರುಬೆರಳಿನಷ್ಟು ಉದ್ದ ಹೆಚ್ಚು ಸೇರಿಸಿ, "ಇನ್ನು ಈ ಕೋಲೇ ತಮ್ಮ ಮೈ" ಎಂದು ಹಣೆಗೆ ಒತ್ತಿಕೊಂಡರು.

ಮರುದಿನ ಬು ಪ್ರಸ್ತಿವಿ ಬಂದಾಗ ಅಜ್ಜ, "ಅಳತೆ ಆಯಿತಮ್ಮ" ಎಂದರು. ಮೈ ಅಳೆಯುವ ಕ್ರಮ ಪಟ್ಟಣದ ಅವರಿಗೆ ಗೊತ್ತಿರಲಿಲ್ಲ; ಜಾಗದ ಅಳತೆ ಆಯಿತೆಂದುಕೊಂಡು "ಒಳ್ಳೇದಾಯ್ತು ಅಜ್ಜ" ಎಂದರು. ತಲೆಯ ಮೇಲಿನಿಂದ ಕೇಳಿಬಂದ ಆ ಹೆಣ್ಣು ದನಿ ಒಡೆಯರ ಮಡದಿಯದೆಂದು ಅಜ್ಜ ತಿಳಿದರು. ಇಬ್ಬರೂ ಸಂತೋಷವಾಗಿ ಬೀಳ್ಕೊಂಡರು. ನನ್ನ ಅನುಭವದಲ್ಲಿ ಎಲ್ಲರಿಗೂ ಸಂತೋಷವಾಗುವ ಮಾತುಕತೆಯಲ್ಲಿ ಯಾರಿಗೂ ಏನೂ ಅರ್ಥವಾಗಿರುವುದಿಲ್ಲ.

ಕೆಲಸ ಶುರುವಾಯಿತು. ತೊಡೆಗಾತ್ರದ ಬಿದಿರುಗಳನ್ನು ಬುಡ ಕೆಳಗಾಗಿ, ತುದಿ ಮೇಲಾಗಿ, ಚಪ್ಪಟೆ ಕಲ್ಲುಗಳ ಮೇಲೆ ನಿಲ್ಲಿಸಿದರು. ಮೊಳೆ ಇಲ್ಲ, ಬಿದಿರಿನ ಗೂಟ ಮತ್ತು ನಾರಿನ ಹಗ್ಗ ಅಷ್ಟೇ. ಬಡಗಿಗಳೆಲ್ಲ ಅಜ್ಜನ ಊರಿನವರು, ಪಾನ್ ಸುಕ್ರಿ ಯಾರೆಂದು ಅವರಿಗೇನು ಗೊತ್ತು? ಅವನು ಬಂದರೆ ಎದ್ದು ನಿಲ್ಲುತ್ತಿದ್ದರು. ಅಜ್ಜ ದಿನಾ ಬೆಳಿಗ್ಗೆ, "ತಮ್ಮ ಅಪ್ಪಣೆ ಏನು?" ಎಂದು ಕೇಳುತ್ತಿದ್ದರು.

ಮೇಲುಮಹಡಿಯ ಮಾತಿಗೆ ಮೇಲುಮಹಡಿಯಲ್ಲೇ ಉತ್ತರ ಕೊಡಬೇಕು. ಪಾನ್ ಸುಕ್ರಿಗೆ ಆ ಭಾಷೆಯಲ್ಲಿ ಬರುತ್ತಿದ್ದುದು ಗುಡಿಯಲ್ಲಿ ಕೇಳಿದ್ದು ಮಾತ್ರ. ಬಡಗಿಗಳು, "ಒಡೆಯರೇ, ಮಾಡಿಗೆ ಇವತ್ತೇ ಹುಲ್ಲು ಹೊದಿಸೋಣವೇ?" ಎಂದರೆ, ಕಣ್ಣು ಅರೆ ಮುಚ್ಚಿ "ಓಂ ಶಾಂತಿ, ಶಾಂತಿ, ಶಾಂತಿ" ಎಂದುಬಿಟ್ಟ. ಒಡೆಯರು ನಿಧಾನಿಸಿ ಎಂದರು ಎಂದು ಅವರು ಮೂರು ದಿನ ಕೆಲಸ ನಿಲ್ಲಿಸಿದರು. ಆ ಮೂರು ದಿನವೂ ಜೋರು ಮಳೆ ಹೊಡೆಯಿತು. ಅಂದಿನಿಂದ ಒಡೆಯರಿಗೆ ಮಳೆಯ ಸುಳಿವು ಮೊದಲೇ ಸಿಗುತ್ತದೆ ಎಂದು ಬಡಗಿಗಳು ನಂಬಿದರು.

ಸತ್ಯ ಹೇಳಲು ಅವನು ಪ್ರಯತ್ನ ಮಾಡಲಿಲ್ಲವೆಂದಲ್ಲ. ಒಮ್ಮೆ, "ಅಜ್ಜ, ನಾನು ಬರೀ ಕಾವಲುಗಾರ" ಎಂದ. ಅಜ್ಜನ ಕಣ್ಣು ತೇವವಾಯಿತು. "ನಿಜವಾದ ಒಡೆಯರು ಹೀಗೇ ಹೇಳುವುದು. ನಾವೆಲ್ಲ ಈ ಭೂಮಿಗೆ ಕಾವಲುಗಾರರು ತಾನೆ?" ಎಂದು ಅವನ ಕೈ ಹಿಡಿದುಕೊಂಡರು. ಅಂಥ ಮುದುಕನ ಕೈಯಿಂದ ಕೈ ಬಿಡಿಸಿಕೊಂಡು ಮಾತು ಮುಂದುವರಿಸುವ ಗಟ್ಟಿತನ ಪಾನ್ ಸುಕ್ರಿಗೆ ಇರಲಿಲ್ಲ.

ಒಂದು ಸಂಜೆ ನಾನು ಕೇರಿಸಭೆಯ ಪುಸ್ತಕ ಹರವಿಕೊಂಡು ಕೂತಿದ್ದಾಗ ಏದುಸಿರು ಬಿಡುತ್ತ ಓಡಿಬಂದ.

"ಕಾರ್ಯದರ್ಶಿಗಳೇ, ಆ ಮನೆ ನನ್ ಥರಾನೇ ಇದೆ."

"ಹಂಗಂದ್ರೆ ಏನೋ?"

"ಗಿಡ್ಡ!"

ನನ್ನನ್ನು ದಿಬ್ಬಕ್ಕೆ ಎಳೆದುಕೊಂಡು ಹೋದ. ಎರಡು ಕಂಬಗಳ ನಡುವೆ ನಿಂತು ತೋಳು ಚಾಚಿದ; ಬೆರಳ ತುದಿ ಎರಡೂ ಕಡೆ ಮುಟ್ಟಿತು. ಕೈ ಇಳಿಬಿಟ್ಟ, ಅಂಗೈ ಸರಿಯಾಗಿ ಕಟಕಟೆಯ ಮೇಲೆ ಕೂತಿತು. ಬಾಗಿಲಲ್ಲಿ ನಿಂತ, ನೆತ್ತಿಗೂ ಮೇಲಿನ ಅಡ್ಡಪಟ್ಟಿಗೂ ಮಧ್ಯೆ ಒಂದು ಮುಷ್ಟಿ ಜಾಗ. ನಾನು ಒಳಗೆ ಹೋಗಲು ತಲೆ ತಗ್ಗಿಸಬೇಕಾಯಿತು, ನನ್ನನ್ನೇನೂ ಯಾರೂ ಎತ್ತರದವನೆನ್ನುವುದಿಲ್ಲ. ಆಗ ಅಳತೆಯ ದಿನದ ಕಥೆಯನ್ನೆಲ್ಲ ಬಾಯಿಬಿಟ್ಟ.

"ನಾಳೆನೇ ಹೋಗಿ ಹೇಳು," ಎಂದೆ.

"ಹೇಳಿದ್ರೆ ನನ್ ಕೆಲಸ ಹೋಗುತ್ತೆ."

"ಹೇಳ್ದೆ ಇದ್ರೆ?"

"ಮೇಡಂ ತಲೆ ಹೋಗುತ್ತೆ." ಸ್ವಲ್ಪ ಹೊತ್ತು ಅತ್ತಿಂದಿತ್ತ ಓಡಾಡಿದ. "ಮೇಡಮ್ಮಿನ ತಲೆ ಗಟ್ಟಿ ಇರ್ಬಹುದು. ಆದ್ರೆ ಅಜ್ಜನ್ದು ಇದು ಕೊನೇ ಮನೆ ಕಣ್ರೀ. ಉಂದಗಿ ಅಳತೆ ತಪ್ಪಿದ್ರು ಅಂತ ಆದ್ರೆ, ಆ ಮನುಷ್ಯ ಯಾವ ಮುಖ ಇಟ್ಕೊಂಡು ಊರಿಗೆ ಹೋಗೋದು?"

ಅವನೇ ಒಂದು ಉಪಾಯ ಕಂಡುಕೊಂಡ. ಬಾಗಿಲನ್ನು ಮೇಲೇರಿಸಲು ಆಗದಿದ್ದರೆ ನೆಲವನ್ನು ಇಳಿಸುವುದು! ಬಡಗಿಗಳು ಊಟಕ್ಕೆ ಹೋದ ಹೊತ್ತಿನಲ್ಲಿ ಗುದ್ದಲಿ ಹಿಡಿದು ಹೊಸಲಿನ ಕೆಳಗೆ ಮೊಳಕಾಲುದ್ದ ಗುಂಡಿ ತೋಡಿದ. ಅಜ್ಜ ಬಂದು ಗುಂಡಿಯನ್ನು ಕೋಲಿನಿಂದ ತಡವಿ ನೋಡಿದರು. "ಮಳೆನೀರು ಹೋಗಲು ಇಲ್ಲೊಂದು ಮೋರಿ ಬೇಕೆಂದು ನನಗೆ ಹೊಳೆಯಲೇ ಇಲ್ಲ. ತಾವು ಸ್ವತಃ ಅಗೆದಿರಾ!" ಎಂದು ಕೈ ಮುಗಿದು, ಆ ಗುಂಡಿಗೆ ಕಲ್ಲು ಕಟ್ಟಿಸಿ ಬಿದಿರಿನ ತಟ್ಟಿ ಮುಚ್ಚಿಸಿಬಿಟ್ಟರು.

ಇಷ್ಟರಲ್ಲಿ ಸಂಗತಿ ಸಂತೆಗೆ ಹೋಯಿತು. ಮೆನ್ ಸುಕ್ರಿ ಸಂತೆಯಲ್ಲಿ ಪೂಜೆಯ ಎಲೆಬುಟ್ಟಿ ಮಾರುತ್ತಾಳೆ. ಒಬ್ಬ ಬಡಗಿ ಎಲೆಬುಟ್ಟಿ ಕೊಳ್ಳಲು ಬಂದು ಹರಟೆಗೆ ನಿಂತ.

"ನಮ್ಮ ಒಡೆಯರು ಬಂಗಾರದಂಥ ಮನುಷ್ಯ ಕಣಮ್ಮ. ಆಳು ಸ್ವಲ್ಪ ಕುಳ್ಳ, ಅಷ್ಟೇ. ಆದ್ರೆ ಹೆಂಡ್ತಿನ ನೋಡ್ಬೇಕು ನೀವು, ತೆಂಗಿನಮರ!"

"ಯಾವ ಒಡೆಯರಪ್ಪ?"

"ದಿಬ್ಬದ ಮೇಲಿನ ಲಾಡ್ಜಿನೋರು. ಪಾನ್ ಸುಕ್ರಿ ಅಂತ. ಹೆಂಡ್ತಿ ಸುರಬಾಯದೋರು, ಕಾರಲ್ಲಿ ಬರ್ತಾರೆ."

ಮೆನ್ ಸುಕ್ರಿ ಎಲೆಬುಟ್ಟಿಗಳನ್ನು ಕಟ್ಟಿಕೊಟ್ಟಳು. ಕಟ್ಟಿದ ರಭಸಕ್ಕೆ ಅವು ಆಗಲೇ ಚಪ್ಪಟೆಯಾಗಿದ್ದವು ಎಂದು ಪಕ್ಕದ ಅಂಗಡಿಯವಳು ಹೇಳಿದಳು. ಅಲ್ಲಿಂದ ನೇರ ಅಣ್ಣನ ಮನೆಗೆ ನಡೆದಳು. ಅಣ್ಣ ಸುದಿರ ನಮ್ಮ ಕೇರಿಯ ಮುಖ್ಯಸ್ಥ. ಇಪ್ಪತ್ತೆರಡು ವರ್ಷದಿಂದ ತಂಗಿಯ ಗಂಡನನ್ನು 'ಆ ಕುಳ್ಳ' ಎಂದೇ ಕರೆದವನು.

"ಅಣ್ಣಾ, ನಿನ್ ಭಾವ ಎರಡ್ನೇ ಮದುವೆ ಆಗವ್ನೆ!"

"ಅವನ್ಗೆ ಮೊದಲ್ನೇದೇ ಹೆಚ್ಚಾಗಿತ್ತಲ್ಲೇ!" ಸುದಿರ ತೊಡೆ ತಟ್ಟಿಕೊಂಡು ಎದ್ದ. "ಸಿಗಿದು ಹಾಕ್ತೀನಿ. ಯಾವಳವಳು?"

"ಸುರಬಾಯದವಳು. ಆ ಮೇಡಮ್ಮನ್ನೇ ಕಟ್ಕೊಂಡು ಈಗ ಲಾಡ್ಜೇ ಇವ್ನದಂತೆ. ಯಜಮಾನ ಅಂತೆ!"

ಸುದಿರ ಕೂತ. ಸಿಗಿದು ಹಾಕುವ ಯೋಚನೆ ಸ್ವಲ್ಪ ಹಿಂದಕ್ಕೆ ಸರಿಯಿತು. "ಲಾಡ್ಜು... ಅಂದ್ರೆ ಎಷ್ಟು ರೂಮು?"

ಮಾರನೆಯ ದಿನ ಬೆಳಿಗ್ಗೆ ಪಾನ್ ಸುಕ್ರಿಯ ಮನೆಯಲ್ಲಿ ನಾನೇ ಕಣ್ಣಾರೆ ಕಂಡ ದೃಶ್ಯ ಇದು. ಹಿಂಬಾಗಿಲಿನಿಂದ ಮೆನ್ ಸುಕ್ರಿ ಗಂಡನ ದಿಂಬು, ಚಾಪೆ, ಎರಡು ಲುಂಗಿಗಳನ್ನು ಒಂದೊಂದಾಗಿ ಹೊರಗೆ ಎಸೆಯುತ್ತಿದ್ದಳು. ಮುಂಬಾಗಿಲಿನಿಂದ ಸುದಿರ ಸುಟ್ಟ ಹಂದಿಯ ಒಂದು ಇಡೀ ತೊಡೆಯನ್ನು ಬಾಳೆಎಲೆಯಲ್ಲಿ ಹೊತ್ತುಕೊಂಡು ಒಳಬರುತ್ತಿದ್ದ.

"ಭಾವ, ಚೆನ್ನಾಗಿದೀರಾ? ಎಲ್ಲಿ, ಕಾಣೋದೇ ಇಲ್ಲ ಈ ನಡುವೆ!"

ಪಾನ್ ಸುಕ್ರಿ ಗಾಬರಿಯಾಗಿ ಎದ್ದ. ಸುದಿರ 'ಭಾವ' ಎಂದಿದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು. "ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದ.

"ಬಿಡ್ತು ಅನ್ನಿ! ಅಲ್ಲಾ, ಲಾಡ್ಜು ಅಂದ್ಮೇಲೆ ಹಾಸಿಗೆ ಹೊದಿಕೆ ಒಗೀಬೇಕಲ್ವಾ? ನಮ್ಮನೇಲಿ ಬಾವಿ ಐತೆ, ಬಿಸಿಲೈತೆ. ಹೊರಗಿನೋರ್ಗೆ ಯಾಕೆ ಕೊಡ್ತೀರಾ ಅಂತ."

"ಅವಳಿಗೇ ಹೇಳು, ಆ ತೆಂಗಿನಮರಕ್ಕೆ ಒಗೆಯೋಕೆ!" ಎಂದು ಹಿಂದಿನಿಂದ ಕೂಗು ಬಂತು. ಅದರ ಹಿಂದೆಯೇ ಒಂದು ಚಪ್ಪಲಿಯೂ ಬಂತು.

"ಯಾವ ತೆಂಗಿನಮರ?" ಪಾನ್ ಸುಕ್ರಿ ನನ್ನನ್ನು ಕೇಳಿದ. ಅವನಿಗೆ ತನ್ನ ಎರಡನೇ ಮದುವೆಯ ಸುದ್ದಿ ಇನ್ನೂ ತಲುಪಿರಲಿಲ್ಲ.

ಗೃಹಪ್ರವೇಶಕ್ಕೆ ಐದು ದಿನ ಉಳಿದಿತ್ತು. ತಂಗಿ ಮೂರು ದಿನ ಗಂಡನಿಗೆ ಅಡಿಗೆ ಮಾಡದೆ ನ್ಯಾಯ ಬೇಕೆಂದು ಕೂತ ಮೇಲೆ ಸುದಿರನಿಗೆ ಕೇರಿಸಭೆ ಕರೆಯದೆ ಬೇರೆ ದಾರಿ ಇರಲಿಲ್ಲ. ಸಭೆಗೆ ಕರೆಯಲು ತೂಗುಹಾಕಿದ ಮರದ ಕೊಳವೆ ಬಡಿಸಿ ಊರನ್ನೇ ಕೂಡಿಸಿದ. ಸಭೆ ನಮ್ಮ ಮಂಟಪದಲ್ಲಿ ಅಲ್ಲ, ದಿಬ್ಬದ ಮೇಲಿನ ಹೊಸ ಬಿದಿರು ಹಜಾರದಲ್ಲಿ. ಸ್ಥಳ ಪರಿಶೀಲನೆ ಎಂದು ಅವನು ಹೇಳಿದ. ರೂಮುಗಳನ್ನು ಒಂದು ಸಲ ನೋಡಿಬಿಡುವ ಆಸೆ ಎಂದು ನಾನು ಬರೆದುಕೊಳ್ಳಲಿಲ್ಲ. ನಡಾವಳಿ ಪುಸ್ತಕದಲ್ಲಿ ಮೊದಲ ಸಾಲು ಇವತ್ತಿಗೂ ಇದೆ: 'ವಿಷಯ ಒಂದು: ಪಾನ್ ಸುಕ್ರಿಯವರ ಎತ್ತರದ ಹೆಂಡತಿ.'

ಸಭೆ ಇನ್ನೂ ಶುರುವಾಗಿರಲಿಲ್ಲ, ಕೆಳಗೆ ಕಾರು ನಿಂತ ಸದ್ದಾಯಿತು. ಬು ಪ್ರಸ್ತಿವಿ ಅದುವರೆಗೆ ಬಂದಾಗಲೆಲ್ಲ ಕಂಬಗಳಷ್ಟೇ ನಿಂತಿದ್ದವು. ಮಾಡು ಹೊದಿಸಿದ ಮೇಲೆ ಇದೇ ಮೊದಲ ಸಲ ಬರುತ್ತಿದ್ದರು. ನಗುತ್ತಾ ದಿಬ್ಬದ ಮೆಟ್ಟಿಲು ಹತ್ತಿದರು. "ಅಯ್ಯೋ, ಎಷ್ಟು ಚೆನ್ನಾಗಿ..." ಎನ್ನುವಷ್ಟರಲ್ಲಿ ಧಡ್ ಎಂದಿತು. ಹಣೆ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು, ಇನ್ನೊಂದು ಅಡ್ಡಪಟ್ಟಿಗೆ ಹಿಂದಲೆ ತಗುಲಿತು. ಬಗ್ಗಿಕೊಂಡು ಒಳಗೆ ಬಂದು ನೆಟ್ಟಗೆ ನಿಂತರು, ಮೂರನೆಯದು ಅಲ್ಲಿ ಕಾಯುತ್ತಿತ್ತು.

"ಅಜ್ಜ! ಇದೇನ್ ಮನೇನಾ, ಕೋಳಿಗೂಡಾ?"

ಮುದ್ರ ಅಜ್ಜ ನಿಧಾನವಾಗಿ ಎದ್ದರು. "ತಾಯಿ, ಅಳತೆ ಸರಿಯಾಗಿದೆ. ಯಜಮಾನರು ಆರಾಮವಾಗಿ ಓಡಾಡುತ್ತಾರಲ್ಲ."

"ಯಾವ ಯಜಮಾನರು?"

"ತಮ್ಮ ಪತಿ."

"ನನ್ ಗಂಡ ಸುರಬಾಯದಲ್ಲಿ ಹಲ್ಲಿನ ಡಾಕ್ಟ್ರು! ಅವ್ರು ಈ ಕಡೆ ತಲೆ ಹಾಕಿಯೂ ಇಲ್ಲ!"

"ತಲೆ ಹಾಕಿದ್ರೆ ತಗುಲ್ತಿತ್ತು," ಎಂದು ಹಿಂದಿನಿಂದ ಯಾರೋ ಅಂದರು. ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ.

ಮೆನ್ ಸುಕ್ರಿ ಎದ್ದು ಬಂದಳು. ಬು ಪ್ರಸ್ತಿವಿಯ ಎದೆಯಷ್ಟು ಎತ್ತರಕ್ಕೆ ನಿಂತು ಕತ್ತೆತ್ತಿ ಕೇಳಿದಳು. "ಹಂಗಾದ್ರೆ ನೀವು ಪಾನ್ ಸುಕ್ರಿ ಹೆಂಡ್ತಿ ಅಲ್ವಾ?"

"ಕಾವಲುಗಾರಂದಾ? ನಾನಾ?"

"ದೇವ್ರು ದೊಡ್ಡೋನು," ಎಂದು ಮೆನ್ ಸುಕ್ರಿ ಅಲ್ಲೇ ನೆಲಕ್ಕೆ ಕೂತಳು. ಸುದಿರನ ಮುಖ ಮಾತ್ರ ಇಳಿದುಹೋಯಿತು. ಹಂದಿಯ ತೊಡೆ ನೆನಪಾಗಿರಬೇಕು.

ಬು ಪ್ರಸ್ತಿವಿಗೆ ಈ ಯಾವುದೂ ತಲೆಗೆ ಹೋಗಲಿಲ್ಲ, ತಲೆ ಆಗಲೇ ಊದಿತ್ತು. "ಅಜ್ಜ, ಕಣ್ಣು ಕಾಣಲ್ಲ ಅಂತ ಮೊದ್ಲೇ ಹೇಳ್ಬೇಕಿತ್ತು ನೀವು. ಅಳತೆ ಬಾರದವ್ರ ಕೈಲಿ ಕೊಟ್ಟಿದ್ದು ನನ್ದೇ ತಪ್ಪು. ಕೆಡವ್ಸಿ ಇದನ್ನ. ಪಟ್ಟಣದಿಂದ ಕಾಂಕ್ರೀಟಿನವ್ರನ್ನ ಕರೆಸ್ತೀನಿ."

ಅಜ್ಜ ತಮ್ಮ ಅಳತೆಕೋಲನ್ನು ಮಡಿಲಿಗೆ ಎಳೆದುಕೊಂಡು ಹೆಬ್ಬೆರಳ ಉಗುರಿನಿಂದ ಒಂದೊಂದೇ ಗೀರನ್ನು ಮುಟ್ಟುತ್ತಾ ಹೋದರು. ಮಾರು, ಮೊಳ, ಗೇಣು. ತುದಿಯವರೆಗೆ ಹೋಗಿ ಮತ್ತೆ ಬುಡದಿಂದ ಮುಟ್ಟಿದರು. ಅರವತ್ತು ವರ್ಷ ಅಳತೆ ತಪ್ಪದ ಕೈ ಅದು. "ಕೈಯೂ ಹೋಯಿತೇನೋ," ಎಂದು ತಮಗೆ ತಾವೇ ಅಂದುಕೊಂಡು, ಕೋಲನ್ನು ಮೊಳಕಾಲಿನ ಮೇಲೆ ಅಡ್ಡ ಇಟ್ಟು ಮುರಿಯಲು ಎರಡೂ ತುದಿ ಹಿಡಿದರು. ನನಗೆ ಆ ಮುದುಕನ ಮುಖ ನೋಡಲಾಗಲಿಲ್ಲ.

"ಅಜ್ಜಾ, ಮುರೀಬೇಡಿ! ಆ ಕೋಲು ನಾನು!"

ಅದುವರೆಗೆ ಹಜಾರದ ಹೊರಗೆ ಸುತ್ತು ಹಾಕುತ್ತಿದ್ದ ಪಾನ್ ಸುಕ್ರಿ ಜನರ ತೊಡೆ, ಹೆಗಲು ತುಳಿದುಕೊಂಡು ಒಳಗೆ ನುಗ್ಗಿದ. ಅಜ್ಜನ ಕೈಯಿಂದ ಕೋಲು ಕಿತ್ತುಕೊಂಡು ಎದೆಗೆ ಅವಚಿಕೊಂಡ.

"ಮೇಡಂ, ಅಜ್ಜನ ಕೈ ತಪ್ಪಿಲ್ಲ. ನಾನು ತಪ್ಪಿದ್ದು. ನಾಳೆ ಬರ್ತೀನಿ ಅಂತ ಹೇಳಕ್ಕೆ ಹೇಳಿದ್ರಲ್ಲ ನೀವು, ಹೇಳಕ್ಕಂತಾನೇ ನಿಂತಿದ್ದೆ. ಅಜ್ಜ ಬಂದು ನನ್ನ 'ತಾವು' ಅಂದ್ರು. ನಲವತ್ತಾರು ವರ್ಷದಲ್ಲಿ ನನ್ನ ಯಾರೂ ಹಂಗಂದಿಲ್ಲ ಮೇಡಂ. ಇನ್ನೊಂದ್ಸಲ ಕೇಳ್ಬಿಟ್ಟು ಆಮೇಲೆ ಹೇಳೋಣ ಅನ್ನಿಸ್ತು."

"ಇನ್ನೊಂದ್ಸಲ ಅಂದ್ರೆ ಐದು ತಿಂಗ್ಳಾ?" ಎಂದಳು ಮೆನ್ ಸುಕ್ರಿ.

"ದಿನಾ ಅಂತಿದ್ರು ಕಣೇ," ಎಂದ ಪಾನ್ ಸುಕ್ರಿ, ಮುಖ ತಗ್ಗಿಸಿ.

ಯಾರೂ ನಗಲಿಲ್ಲ. ನಾನೂ ಅವನನ್ನು 'ಏನೋ' ಎಂದೇ ಮಾತಾಡಿಸಿದವನು. ಅವನು ಮಾತ್ರ ನನ್ನನ್ನು ಕಾರ್ಯದರ್ಶಿಗಳೇ ಎನ್ನುತ್ತಿದ್ದ.

ಮೊದಲು ಮಾತಾಡಿದವರು ಅಜ್ಜ. ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. "ಹಾಗಾದರೆ ಕೈ ತಪ್ಪಿಲ್ಲ! ಮಂಗ್ಕು, ಕೇಳಿದಿರಾ? ಈ ಮನೆಯಲ್ಲಿ ಒಂದು ಗೇಣೂ ಹೆಚ್ಚುಕಡಿಮೆ ಇಲ್ಲ. ಅಳೆದ ಮೈ ಬೇರೆ, ಅಷ್ಟೇ!"

"ಅಷ್ಟೇನಾ?" ಬು ಪ್ರಸ್ತಿವಿ ಹಣೆ ತಿಕ್ಕಿಕೊಂಡರು. "ಪಾನ್ ಸುಕ್ರಿ, ನಾಳೆಯಿಂದ ನೀವು ಕೆಲಸಕ್ಕೆ ಬರೋದು ಬೇಡ."

ಪೂಜಾರಿ ಮಂಗ್ಕು ಕೆಮ್ಮಿದರು. ಅವರು ಕೆಮ್ಮಿದರೆ ಊರು ಸುಮ್ಮನಾಗುತ್ತದೆ. "ಅದು ಆಗೋದಿಲ್ಲಮ್ಮ. ಕಾಗದದಲ್ಲಿ ಜಾಗ ನಿಮ್ದು ಇರ್ಬಹುದು. ಮನೆಗೆ ಮೈ ಇವನ್ದು. ಮೈ ಹೊರಗೆ ಕಳ್ಸಿ ಮನೆಗೆ ಜೀವ ತುಂಬು ಅಂದ್ರೆ ನಾನು ಹೆಂಗೆ ತುಂಬ್ಲಿ? ಇವ್ನಿಲ್ದೆ ಪೂಜೆ ಇಲ್ಲ."

"ಕೆಡವಿ ಕಟ್ಸೋದಾದ್ರೆ?"

"ಮೈ ಅಳೆದು ಎಬ್ಬಿಸಿದ್ದನ್ನ ಕೆಡವೋಕೆ ಬೇರೆ ಪೂಜೆ. ಅದಕ್ಕೂ ಇವನೇ ಬೇಕು."

ಬು ಪ್ರಸ್ತಿವಿ ನಮ್ಮೆಲ್ಲರ ಮುಖ ನೋಡಿದರು. ಆಟದಲ್ಲಿ ಸೋತು ಅಭ್ಯಾಸವಿಲ್ಲದವರು. "ನನ್ ತಲೆ ಏನ್ ಮಾಡ್ಲಿ?" ಎಂದು ಕೇಳಿದರು.

ಅಜ್ಜ ಅವರ ದನಿ ಬಂದ ಎತ್ತರಕ್ಕೆ ಮುಖ ಎತ್ತಿದರು. "ತಾಯಿ, ಕಂಬ ಹೂತಿಲ್ಲ, ಕಲ್ಲಿನ ಮೇಲೆ ಕೂತಿದೆ. ನೆಲ ಮಣ್ಣಿನದು, ಅದು ಇದ್ದಲ್ಲೇ ಇರುತ್ತದೆ. ಬಿದಿರು ಹಗುರ. ಊರವರು ಕೈ ಹಾಕಿದರೆ ಇಡೀ ಮನೆಯನ್ನು ಎತ್ತಿ ಕೆಳಗೆ ಎತ್ತರದ ಕಲ್ಲು ಕೊಡಬಹುದು. ಎಷ್ಟು ಎತ್ತಬೇಕೆಂದು ಹೇಳಲು ತಮ್ಮ ಮೊಳ ಬೇಕು. ದಯಮಾಡಿ ಕೈ ಚಾಚಬೇಕು." ಬು ಪ್ರಸ್ತಿವಿ ಕೈ ಚಾಚಿದರು. ಅಜ್ಜ ಅದೇ ಕೋಲಿನ ಮೇಲೆ ಇನ್ನೊಂದು ಗೀರು ಹಾಕಿದರು.

ನಾಲ್ಕನೆಯ ದಿನ ಬೆಳಿಗ್ಗೆ ಎತ್ತಿದೆವು. ಮೂರು ಕೇರಿಗಳ ಗಂಡಸರೆಲ್ಲ ಬಂದಿದ್ದರು. ಕಂಬಕಂಬಕ್ಕೂ ಅಡ್ಡ ಬೊಂಬು ಕಟ್ಟಿ, ಬೊಂಬಿಗೆ ಹೆಗಲು ಕೊಟ್ಟು ನಿಂತೆವು. ಬು ಪ್ರಸ್ತಿವಿ ಸೀರೆಯಂತೆ ಸುತ್ತಿದ್ದ ಬಟ್ಟೆಯನ್ನು ಬಿಗಿದುಕೊಂಡು ತಾವೂ ಹೆಗಲು ಕೊಟ್ಟರು. ಅವರಿದ್ದ ಮೂಲೆ ಯಾವಾಗಲೂ ಮೊದಲೇ ಎದ್ದುಬಿಡುತ್ತಿತ್ತು. ಮನೆಯ ಮೈಯಾದವನು ನಡುತೊಲೆ ಹಿಡಿದಿರಬೇಕು, ಕಲ್ಲು ಕೂರುವ ತನಕ ಬಿಡಬಾರದು ಎಂದು ಮಂಗ್ಕು ಕಟ್ಟಪ್ಪಣೆ ಮಾಡಿದ್ದರು. ಪಾನ್ ಸುಕ್ರಿ ಎರಡು ಕೈಯಲ್ಲೂ ತೊಲೆ ಹಿಡಿದು ನಿಂತ.

"ಒಂದು, ಎರಡು, ಹೂಂ!" ಎಂದ ಸುದಿರ.

ಮನೆ ಕಿರ್ರೆಂದು ಎದ್ದಿತು. ಗೇಣು ಎದ್ದಿತು, ಪಾನ್ ಸುಕ್ರಿ ತುದಿಗಾಲಲ್ಲಿ ನಿಂತ. ಇನ್ನೊಂದು ಗೇಣು ಎದ್ದಿತು, ಪಾನ್ ಸುಕ್ರಿ ನೆಲ ಬಿಟ್ಟ.

"ಯಾರಪ್ಪಾ ನೇತಾಡ್ತಿರೋದು? ಭಾರ ಬರ್ತಿದೆ!" ಎಂದು ಹಿಂದಿನವರು ಕೂಗಿದರು.

"ಬಿಡೋ, ಇಳಿಯೋ!" ಎಂದ ಸುದಿರ.

"ಬಿಟ್ಟರೆ ಮನೆ ಬಿಟ್ಟ ಹಾಗೆ! ತಾವು ಬಿಡಕೂಡದು!" ಎಂದರು ಅಜ್ಜ.

"ಅಜ್ಜ, ಕೈ ಜಾರ್ತಿದೆ!" ಎಂದ ಪಾನ್ ಸುಕ್ರಿ. ಕಲ್ಲು ಉರುಳಿಸುವವರು ಇನ್ನೂ ಮೊದಲನೆಯ ಕಂಬದಲ್ಲೇ ಇದ್ದರು. ನಮ್ಮೆಲ್ಲರ ಹೆಗಲೂ ಬೊಂಬಿನ ಕೆಳಗೆ, ಯಾರೂ ಕೈ ಬಿಡುವ ಹಾಗಿಲ್ಲ. ಅವನ ಬೆರಳು ಒಂದೊಂದೇ ಸಡಿಲವಾಗುತ್ತಿರುವುದು ನನಗೆ ಕಾಣುತ್ತಿತ್ತು, ಏನೂ ಮಾಡಲಾಗುತ್ತಿರಲಿಲ್ಲ.

ಆಗ ಹೆಂಗಸರ ಗುಂಪಿನಿಂದ ಮೆನ್ ಸುಕ್ರಿ ಬಂದಳು. ಸಭೆಯಲ್ಲಿ ಕೇಳಿದ ಆ ಒಂದು ಪ್ರಶ್ನೆ ಬಿಟ್ಟರೆ ಒಂದು ವಾರದಿಂದ ಗಂಡನ ಜೊತೆ ಮಾತಾಡಿರಲಿಲ್ಲ. ಎರಡನೇ ಹೆಂಡತಿ ಸುಳ್ಳೆಂದು ಗೊತ್ತಾದ ಮೇಲೂ ದಿಂಬು ಹೊರಗೇ ಇತ್ತು. ನೇರವಾಗಿ ತೊಲೆಯ ಕೆಳಗೆ ನಡೆದು, ಅವನ ಎರಡೂ ಮೊಳಕಾಲುಗಳನ್ನು ತಬ್ಬಿ ಹಿಡಿದು ಮೇಲಕ್ಕೆತ್ತಿದಳು. ಅವನ ಬೆರಳು ಮತ್ತೆ ತೊಲೆಯ ಮೇಲೆ ಬಿಗಿಯಾಯಿತು.

"ಭಾರ ಆಗ್ತಿದೀನೇನೇ?" ಎಂದು ಮೇಲಿನಿಂದ ಕೇಳಿದ.

"ಇಪ್ಪತ್ತೆರಡು ವರ್ಷದಿಂದ ಆಗ್ತಿದೀಯ," ಎಂದು ಶುರು ಮಾಡಿದಳು. ಬಿದಿರು ಕಾಯಲು ಹೋಗಿ ಮನೆಗೆ ನೀರು ತರುವುದು ಮರೆತಿದ್ದರಿಂದ ಹಿಡಿದು, ಮಗಳ ಮದುವೆಯಲ್ಲಿ ಬೀಗರ ಮುಂದೆ ಬಡಾಯಿ ಕೊಚ್ಚಿದ್ದರವರೆಗೆ, ಒಂದನ್ನೂ ಬಿಡದೆ ಬಯ್ಯುತ್ತಾ ಹೋದಳು. ಅವನು ತೊಲೆ ಹಿಡಿದುಕೊಂಡು ಪ್ರತಿಯೊಂದಕ್ಕೂ "ಹೌದು, ಹೌದು" ಎನ್ನುತ್ತಿದ್ದ. ಒಂದೊಂದೇ ಕಂಬದ ಕೆಳಗೆ ಕಲ್ಲು ಸರಿಯಿತು. ಕೊನೆಯ ಕಲ್ಲು ಕೂತಾಗ ಅಜ್ಜ ಕೋಲು ಹಿಡಿದು ತಡವಿ ನೋಡಿ "ಸರಿ" ಎಂದರು. ಮನೆ ಇಳಿದು ನಿಂತಿತು, ನಾವೆಲ್ಲ ಹೆಗಲು ತೆಗೆದೆವು. ಬು ಪ್ರಸ್ತಿವಿ ನೆಟ್ಟಗೆ ಬಾಗಿಲು ದಾಟಿ ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದರು.

ಮೆನ್ ಸುಕ್ರಿ ಮಾತ್ರ ಇನ್ನೂ ಹಾಗೆಯೇ ಹಿಡಿದುಕೊಂಡಿದ್ದಳು.

"ಕಲ್ಲು ಕೂತಾಯ್ತು ಕಣೇ, ಇಳಿಸು ಅವನ್ನ," ಎಂದ ಸುದಿರ.

"ಕಲ್ಲು ಕೂತ್ರೆ ಕೂತ್ಕೊಳ್ಲಿ," ಎಂದಳು ಅವಳು, ತೋಳನ್ನು ಇನ್ನಷ್ಟು ಬಿಗಿ ಮಾಡಿ. "ನಾನು ಬಯ್ಯೋದು ಇನ್ನೂ ಮುಗ್ದಿಲ್ಲ."